ಕಾಂಕ್ರೀಟಿನ ವರದಿ ಬಿಲ್ಲಿಗಿಂತ ಮೊದಲು ಬರಲಿ

ಸಂಪಾದಕರಿಗೆ,

ಮಾನ್ಯರೇ,

ಮಾರ್ಚ್ ಕೊನೆಯ ವಾರ ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ನಾಲ್ಕು ಬಡಾವಣೆ ಸುತ್ತಿದರೆ ಒಂದಲ್ಲ ಒಂದು ಕಡೆ ಚರಂಡಿಗೆ ಕಾಂಕ್ರೀಟ್ ಬೀಳುತ್ತಿರುತ್ತದೆ. ಅನುದಾನ ವಾಪಸ್ ಹೋಗಬಾರದು, 31ರೊಳಗೆ ಬಿಲ್ ಆಗಬೇಕು ಎಂಬ ಆತುರ. ಇದರ ಬಗ್ಗೆ 'ಕಳಪೆ ಕಾಮಗಾರಿ' ಎಂಬ ತಲೆಬರಹದಲ್ಲಿ ವರ್ಷಾವರ್ಷ ಸುದ್ದಿ ಬರುತ್ತದೆ. ಆದರೆ ಒಂದು ಸಣ್ಣ ಲೆಕ್ಕವನ್ನು ಯಾರೂ ಹಾಕಿದಂತಿಲ್ಲ. ಕಾಂಕ್ರೀಟನ್ನು ಒಪ್ಪಬೇಕೋ ತಿರಸ್ಕರಿಸಬೇಕೋ ಎಂದು ತೀರ್ಮಾನವಾಗುವುದು, ಅದರ ಮಾದರಿ ಗಟ್ಟಿಗಳನ್ನು ಒಡೆದು ಬಲ ನೋಡುವ 28ನೇ ದಿನದ ಪರೀಕ್ಷೆಯಲ್ಲಿ. 7ನೇ ದಿನದ ಪರೀಕ್ಷೆ ಬರೀ ಮುನ್ಸೂಚನೆ. ಮಾರ್ಚ್ 3ರಂದು ಹಾಕಿದ ಕಾಂಕ್ರೀಟಿಗೆ 28 ದಿನ ತುಂಬುವುದು ಮಾರ್ಚ್ 31ಕ್ಕೆ. ಹಾಗಾದರೆ ಮಾರ್ಚ್ 3ರ ನಂತರ ಹಾಕಿದ ಕಾಂಕ್ರೀಟಿನ '28 ದಿನದ ವರದಿ' ಅದೇ ಮಾರ್ಚ್ 31ರ ಬಿಲ್ಲಿಗೆ ಲಗತ್ತಾಗಿದ್ದರೆ, ಅದು ಎಲ್ಲಿಂದ ಬಂತು?

ಬಿಲ್ಲಿಗೆ ವರದಿ ಲಗತ್ತಿಸಬೇಕು ಎಂದು ನಿಯಮವಿದೆ, ಅದಕ್ಕೇ ವರದಿ ತಯಾರಾಗುತ್ತದೆ. ನಿಯಮ ಕೇಳಿದ್ದು ಕಾಗದ, ಸಿಕ್ಕಿದ್ದೂ ಕಾಗದ. ಇದಕ್ಕೆ ಗುತ್ತಿಗೆದಾರರನ್ನೋ, ಏಕಕಾಲಕ್ಕೆ ಹತ್ತಾರು ಕಾಮಗಾರಿ ನೋಡಿಕೊಳ್ಳಬೇಕಾದ ಕಿರಿಯ ಎಂಜಿನಿಯರನ್ನೋ ಬಯ್ದರೆ ಏನೂ ಸಿಗುವುದಿಲ್ಲ. ಕಟ್ಟಡ ಕೆಲಸದಲ್ಲಿ ಕಾನೂನು ಎಲ್ಲಿ ಬಿಗಿಯಾಗಿದೆಯೋ ಅಲ್ಲಿ ಗುಣಮಟ್ಟ ಸುಮಾರಾಗಿ ನಿಂತಿದೆ. ಎಲ್ಲಿ ಸಡಿಲವೋ ಅಲ್ಲಿ ಕೈತಪ್ಪಿದೆ.

ಬಿಗಿ ಇರುವುದು ಅಂಗಡಿ ಬಾಗಿಲ ತನಕ. ಸಿಮೆಂಟಿಗೆ 2003ರ ಗುಣಮಟ್ಟ ನಿಯಂತ್ರಣ ಆದೇಶವಿದೆ. ಐಎಸ್‌ಐ ಗುರುತಿಲ್ಲದ ಸಿಮೆಂಟನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ. ಕಂಬಿಗೂ ಐಎಸ್ 1786 ಎಂಬ ಭಾರತೀಯ ಮಾನಕದ ಗುರುತು ಕಡ್ಡಾಯ. ಹಾಗಾಗಿ ಇವತ್ತು ಸಿಮೆಂಟಿನಲ್ಲಿ ತೊಂದರೆಯಾದರೆ ಅದು ಹೆಚ್ಚಾಗಿ ಹಳೇ ದಾಸ್ತಾನಿನದು. ಮೂಟೆ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ, ಮೂರು ತಿಂಗಳು ದಾಟಿದ್ದರೆ ಮತ್ತೆ ಪರೀಕ್ಷೆ ಮಾಡಿಸದೆ ಬಳಸಬಾರದು. ಕಂಬಿಯ ತೊಂದರೆ ಇನ್ನೂ ಸೂಕ್ಷ್ಮ. 12 ಎಂಎಂ ಕಂಬಿ ಮೀಟರಿಗೆ 0.888 ಕೆಜಿ, 12 ಮೀಟರಿನ ಪೂರ್ತಿ ಕಂಬಿ 10.66 ಕೆಜಿ ತೂಗಬೇಕು. ಬಿಡಿ ಮಾದರಿಯಲ್ಲಿ ಶೇ 6ರವರೆಗೆ ಕಡಿಮೆ ಇದ್ದರೆ ಮಾನಕ ಒಪ್ಪುತ್ತದೆ, ಅಂದರೆ ಹೆಚ್ಚೂಕಡಿಮೆ 10 ಕೆಜಿ. ಅದಕ್ಕಿಂತ ಕೆಳಗೆ ಬಂದ ಕಂಬಿಯಿಂದ ಕೊಂಡವನಿಗೆ ದುಡ್ಡಿನಲ್ಲಿ ನಷ್ಟ ಕಾಣುವುದಿಲ್ಲ. ತೂಕಕ್ಕೆ ಕೊಟ್ಟ ಹಣಕ್ಕೆ ಎರಡು ಕಂಬಿ ಜಾಸ್ತಿಯೇ ಬಂತಲ್ಲ ಎಂದು ಖುಷಿಯೂ ಆಗಬಹುದು. ಆದರೆ ನಕ್ಷೆಯಲ್ಲಿ ಹೇಳಿರುವುದು ಇಷ್ಟು ಅಂತರಕ್ಕೆ ಒಂದು ಕಂಬಿ ಎಂದು. ಬಾರ್ ಬೆಂಡರ್ ಕಟ್ಟುವುದೂ ಹಾಗೆಯೇ. ಒಂದೊಂದು ಕಂಬಿಯೂ ಸಣಕಲಾದರೆ ತಾರಸಿಯೊಳಗಿನ ಉಕ್ಕು ಅಷ್ಟು ಕಡಿಮೆಯಾಯಿತು, ಬಿಲ್ಲಿನಲ್ಲಿ ಮಾತ್ರ ಎಲ್ಲ ಸರಿ.

ಮೂಟೆ ಒಡೆದ ಮೇಲೆ ಕಾನೂನು ಹಿಂದೆ ಸರಿಯುತ್ತದೆ. ಕಾಂಕ್ರೀಟ್ ಕೆಲಸಕ್ಕೆ ಎಲ್ಲರೂ ಹೆಸರಿಸುವ ಐಎಸ್ 456 ಸ್ವತಃ ಕಾನೂನಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಸಲಹೆಯ ರೂಪದ್ದೇ. ಒಂದು ಕಾಯ್ದೆಯೋ, ಸ್ಥಳೀಯ ಸಂಸ್ಥೆಯ ಬೈಲಾವೋ, ಕರಾರೋ ಅದನ್ನು ಹೆಸರಿಟ್ಟು ಕರೆದಾಗ ಮಾತ್ರ ಅದು ಪಾಲಿಸಲೇಬೇಕಾದದ್ದಾಗುತ್ತದೆ. ಸರ್ಕಾರಿ ಕಾಮಗಾರಿಯಲ್ಲಿ ಟೆಂಡರ್ ದಸ್ತಾವೇಜು ಆ ಕೆಲಸ ಮಾಡುತ್ತದೆ. ಖಾಸಗಿ ಮನೆಗಳಲ್ಲಿ ಬಹುತೇಕ ಯಾವುದೂ ಮಾಡುವುದಿಲ್ಲ. ಮೂಟೆಗೆ ಕಾನೂನಿದೆ, ಕಂಬಿಗೆ ಕಾನೂನಿದೆ, ಎರಡೂ ಸೇರಿ ತಾರಸಿಯಾಗುವ ಆ ನಾಲ್ಕೈದು ಗಂಟೆಗೆ ಕರಾರು ಬಿಟ್ಟರೆ ಬೇರೆ ದಿಕ್ಕಿಲ್ಲ.

ಆ ನಾಲ್ಕೈದು ಗಂಟೆಯಲ್ಲಿ ಕೆಡುವುದು ಹೆಚ್ಚಾಗಿ ನೀರಿನಿಂದ. ಎಂ20, ಅಂದರೆ 28 ದಿನಕ್ಕೆ ಚದರ ಎಂಎಂಗೆ 20 ನ್ಯೂಟನ್ ಬಲ ಬರಬೇಕಾದ ದರ್ಜೆಯ ಕಾಂಕ್ರೀಟಿಗೆ ಸಾಧಾರಣ ವಾತಾವರಣದಲ್ಲಿ ಘನ ಮೀಟರಿಗೆ ಕನಿಷ್ಠ 300 ಕೆಜಿ ಸಿಮೆಂಟ್, ಅಂದರೆ 6 ಮೂಟೆ ಬೇಕು. ನೀರು ಸಿಮೆಂಟಿನ ತೂಕದ 0.55 ಪಾಲು ಮೀರಬಾರದು. ಒಂದು ಮೂಟೆಗೆ ಇದು ಇಪ್ಪತ್ತೇಳೂವರೆ ಲೀಟರ್, ಮರಳಿನಲ್ಲಿ ಮೊದಲೇ ಇರುವ ಹಸಿಯೂ ಅದರಲ್ಲೇ ಸೇರಿತು. ಮಿಕ್ಸರ್ ಪಕ್ಕ ಪೈಪ್ ಹಿಡಿದು ನಿಂತವರು ಈ ಲೆಕ್ಕ ನೋಡುವುದಿಲ್ಲ. ಬಾಂಡ್ಲಿಯಿಂದ ಸಲೀಸಾಗಿ ಜಾರಬೇಕು, ಅಷ್ಟೇ. ಕಾವೇರಿ ಮರಳಿನ ಕಾಲ ಮುಗಿದು ಎಂ-ಸ್ಯಾಂಡ್ ಬಂದ ಮೇಲೆ ಇದು ಇನ್ನೂ ಹೆಚ್ಚಿದೆ. 75 ಮೈಕ್ರಾನ್ ಜರಡಿಯಲ್ಲಿ ಇಳಿಯುವ ಪುಡಿ ಶೇ 15 ಮೀರಬಾರದೆಂದು ಐಎಸ್ 383 ಹೇಳುತ್ತದೆ. ಸರಿಯಾಗಿ ತೊಳೆಯದ ಕ್ವಾರಿ ಪುಡಿಯನ್ನೇ ಎಂ-ಸ್ಯಾಂಡ್ ಎಂದು ಟಿಪ್ಪರಿನಲ್ಲಿ ಸುರಿದರೆ ಪುಡಿ ನೀರು ಕುಡಿಯುತ್ತದೆ, ಮೇಸ್ತ್ರಿ ಮತ್ತೆ ನೀರು ಬಿಡುತ್ತಾರೆ. ನಾಲೆ ಬಯಲಿನ ಜೌಗು ಊರುಗಳಲ್ಲಿ ಕೊಳವೆಬಾವಿ ನೀರನ್ನೇ ಬಳಸುವವರು ಒಮ್ಮೆ ಪರೀಕ್ಷೆ ಮಾಡಿಸುವುದು ವಾಸಿ. ಕಂಬಿ ಇರುವ ಕಾಂಕ್ರೀಟಿಗೆ ಲೀಟರಿನಲ್ಲಿ ಕ್ಲೋರೈಡ್ 500 ಮಿಲಿಗ್ರಾಂ, ಸಲ್ಫೇಟ್ 400 ಮಿಲಿಗ್ರಾಂ ದಾಟಬಾರದು. ಕ್ಲೋರೈಡ್ ಜಾಸ್ತಿಯಾದರೆ ಕಂಬಿಗೆ ತುಕ್ಕು ಹಿಡಿಯುವುದು ಇವತ್ತು ನಾಳೆ ಕಾಣುವುದಿಲ್ಲ, ವರ್ಷಗಳು ಕಳೆದು ಸಜ್ಜೆಯ ಅಡಿಯಲ್ಲಿ ಹೊಪ್ಪಳೆ ಏಳುವಾಗ ಕಾಣುತ್ತದೆ.

ಇಷ್ಟಕ್ಕೆಲ್ಲ ಸಾಕ್ಷಿಯಾಗಬೇಕಾದದ್ದು ಕ್ಯೂಬ್. 150 ಎಂಎಂ ಅಳತೆಯ ಕಾಂಕ್ರೀಟ್ ಗಟ್ಟಿ. ಎಷ್ಟು ಕ್ಯೂಬ್ ಬೇಕೆಂಬುದು ಎಂಜಿನಿಯರರ ಇಷ್ಟಕ್ಕೆ ಬಿಟ್ಟದ್ದಲ್ಲ. ಐಎಸ್ 456ರ ಪ್ರಕಾರ 5 ಘನ ಮೀಟರ್‌ವರೆಗೆ ಒಂದು ಮಾದರಿ, 15ರವರೆಗೆ ಎರಡು, 30ರವರೆಗೆ ಮೂರು, 50ರವರೆಗೆ ನಾಲ್ಕು, ಮುಂದೆ ಪ್ರತಿ 50ಕ್ಕೆ ಅಥವಾ ಅದರ ಭಾಗಕ್ಕೆ ಇನ್ನೊಂದು. ಒಂದು ಮಾದರಿ ಎಂದರೆ ಮೂರು ಕ್ಯೂಬ್. ಪ್ರತಿ ಪಾಳಿಯಿಂದ ಕನಿಷ್ಠ ಒಂದು ಮಾದರಿ ತೆಗೆಯಲೇಬೇಕು. 60 ಘನ ಮೀಟರ್ ಕಾಂಕ್ರೀಟಿನ ಒಂದು ಚರಂಡಿ ಕಾಮಗಾರಿಗೆ 5 ಮಾದರಿ, 15 ಕ್ಯೂಬ್. ತಮಾಷೆ ಎಂದರೆ, ಇದನ್ನೇ ತುಂಡು ಗುತ್ತಿಗೆ ಮಾಡಿ 5 ಘನ ಮೀಟರಿನ ಹನ್ನೆರಡು ಕಾಮಗಾರಿಯಾಗಿ ಒಡೆದರೆ ನಿಯಮದ ಪ್ರಕಾರ 36 ಕ್ಯೂಬ್ ಬೇಕು. ಟೆಂಡರ್ ತಪ್ಪಿಸಲು ಒಡೆದವರು ಕ್ಯೂಬ್ ಹೆಚ್ಚಿಸಿಕೊಂಡಿದ್ದು ಎಲ್ಲೂ ಕಾಣದು.

ಕ್ಯೂಬ್ ತೆಗೆಯುವ ಕ್ರಮ ಸುಲಭ, ಆದರೆ ಪ್ರತಿ ಹಂತದಲ್ಲೂ ಕಳ್ಳದಾರಿ ಇದೆ. ಅಚ್ಚಿಗೆ ಎಣ್ಣೆ ಸವರಿ, ಕಾಂಕ್ರೀಟನ್ನು ಮೂರು ಪದರದಲ್ಲಿ ತುಂಬಿ, ಪ್ರತಿ ಪದರಕ್ಕೂ 16 ಎಂಎಂ ಸರಳಿನಿಂದ 35 ಸಲ ಕುಟ್ಟಬೇಕು. 24 ಗಂಟೆ ಒದ್ದೆ ಗೋಣಿ ಮುಚ್ಚಿಟ್ಟು, ಅಚ್ಚಿನಿಂದ ಬಿಡಿಸಿ, ಪರೀಕ್ಷೆಯ ದಿನದವರೆಗೆ ನೀರಿನಲ್ಲಿ ಮುಳುಗಿಸಿಡಬೇಕು. ಮಾದರಿ ತೆಗೆಯಬೇಕಾದದ್ದು ಕಾಂಕ್ರೀಟ್ ಬೀಳುವ ಜಾಗದಲ್ಲಿ, ಅಲ್ಲಿ ನೀರು ಬೆರೆಸಿದ ಮೇಲೆ. ನಡೆಯುವುದೇ ಬೇರೆ. ಮೊದಲ ಮಿಕ್ಸರಿಗೆ ಒಂದು ಮೂಟೆ ಜಾಸ್ತಿ ಹಾಕಿ, ನೀರು ಕಡಿಮೆ ಮಾಡಿ, ಅದರಿಂದ ಹದಿನೈದೂ ಕ್ಯೂಬ್ ಒಟ್ಟಿಗೆ ತುಂಬುತ್ತಾರೆ. ಇಲ್ಲವೇ ಬೇರೆ ಕಾಮಗಾರಿಯ ಕ್ಯೂಬಿಗೆ ಈ ಕಾಮಗಾರಿಯ ಹೆಸರು ಬರೆಯುತ್ತಾರೆ. ಕ್ಯೂಬ್ ಪ್ರಾಮಾಣಿಕವಾಗಿದ್ದರೂ ಒಂದು ಮಿತಿ ಇದೆ: ಅದು 28 ದಿನ ತೊಟ್ಟಿಯಲ್ಲಿ ಮುಳುಗಿರುತ್ತದೆ, ಅದೇ ಕಾಂಕ್ರೀಟಿನ ಚರಂಡಿ ಗೋಡೆ ಏಪ್ರಿಲ್ ಬಿಸಿಲಿನಲ್ಲಿ ಎರಡು ದಿನ ನೀರು ಕಂಡು ಒಣಗಿರುತ್ತದೆ. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ, ಬಿಸಿಲು ಜೋರಿದ್ದರೆ 14 ದಿನ ಕ್ಯೂರಿಂಗ್ ಬೇಕು. ಅಷ್ಟು ದಿನ ನೀರು ಹಾಕಿದ್ದಾರೆಯೇ ಎಂದು ಕೇಳುವ ಕಾಲಂ ಬಿಲ್ಲಿನಲ್ಲಿ ಇರುವುದಿಲ್ಲ.

ವರದಿ ಕೈಗೆ ಸಿಕ್ಕರೆ ಎಂಜಿನಿಯರ್ ಅಲ್ಲದವರೂ ಕೆಲವನ್ನು ಗುರುತಿಸಬಹುದು. ಮೊದಲು ಎರಡು ದಿನಾಂಕ ನೋಡಿ: ಕಾಂಕ್ರೀಟ್ ಹಾಕಿದ್ದು, ಕ್ಯೂಬ್ ಒಡೆದದ್ದು. ನಡುವೆ 28 ದಿನ ಇರಬೇಕು, ಮತ್ತು ಹಾಕಿದ ದಿನಾಂಕ ಅಳತೆ ಪುಸ್ತಕದ ದಿನಾಂಕದೊಂದಿಗೆ ತಾಳೆಯಾಗಬೇಕು. ಆಮೇಲೆ ಕ್ಯೂಬಿನ ತೂಕ. 150 ಎಂಎಂ ಕ್ಯೂಬ್ ಸುಮಾರು 8.1 ಕೆಜಿ ತೂಗುತ್ತದೆ, ಏಳೂವರೆಗೆ ಇಳಿದಿದ್ದರೆ ಒಳಗೆ ಟೊಳ್ಳು. ಮೂರನೆಯದು ಭಾರ. ಕ್ಯೂಬಿನ ಮುಖ 22,500 ಚದರ ಎಂಎಂ, ಆದ್ದರಿಂದ ಚದರ ಎಂಎಂಗೆ 20 ನ್ಯೂಟನ್ ಬಲಕ್ಕೆ ಅದು 450 ಕಿಲೋನ್ಯೂಟನ್, ಅಂದಾಜು 46 ಟನ್ ಭಾರ ತಡೆದಿರಬೇಕು. ಭಾರವನ್ನು 22.5ರಿಂದ ಭಾಗಿಸಿದರೆ ಬಲ ಸಿಗಬೇಕು. ಸಿಗದಿದ್ದರೆ ಭರ್ತಿ ಮಾಡಿದವರು ಬಲವನ್ನು ಮೊದಲು ಬರೆದು ಭಾರವನ್ನು ಆಮೇಲೆ ತುಂಬಿದ್ದಾರೆ ಎಂದು ಅನುಮಾನಿಸಬಹುದು. ಹದಿನೈದು ಕ್ಯೂಬೂ 26.1, 26.2, 26.1 ಎಂದು ಸಾಲಾಗಿ ನಿಂತಿದ್ದರೂ ಅನುಮಾನ ಬರಲೇಬೇಕು. ನಿಜವಾದ ಕಾಂಕ್ರೀಟ್ ಹಾಗೆ ಕವಾಯತು ಮಾಡುವುದಿಲ್ಲ. ಒಂದು ಮಾದರಿಯ ಮೂರು ಕ್ಯೂಬುಗಳ ನಡುವೆಯೇ ಸರಾಸರಿಯಿಂದ ಶೇ 15ರಷ್ಟು ಆಚೀಚೆಯಾಗಲು ಮಾನಕ ಅವಕಾಶ ಕೊಟ್ಟಿದೆ.

ಫಲಿತಾಂಶ ಕಡಿಮೆ ಬಂದರೆ ಕಟ್ಟಿದ್ದನ್ನು ಒಡೆದು ಹಾಕಬೇಕೆಂದೇನಿಲ್ಲ. ಎಂ20ರಲ್ಲಿ ಯಾವ ಮಾದರಿಯೂ 17ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಮುಂದಿನ ಹೆಜ್ಜೆ ಕೋರ್ ಪರೀಕ್ಷೆ. ಕನಿಷ್ಠ ಮೂರು ಕಡೆ ಕೊರೆದು ತೆಗೆದ ಕೋರುಗಳ ಸರಾಸರಿ ಬಲ ನಿಗದಿತ ದರ್ಜೆಯ ಶೇ 85 ಇರಬೇಕು, ಯಾವುದೂ ಶೇ 75ಕ್ಕಿಂತ ಕೆಳಗಿರಬಾರದು. ಅದೂ ಆಗದಿದ್ದರೆ ಭಾರ ಹೇರುವ ಪರೀಕ್ಷೆ: ಸ್ವಂತ ಭಾರದ ಜೊತೆ ಬಳಕೆಯ ಭಾರದ ಒಂದೂಕಾಲು ಪಟ್ಟು ಹೇರಿ 24 ಗಂಟೆ ಬಿಟ್ಟು, ಇಳಿಸಿದ 24 ಗಂಟೆಯೊಳಗೆ ಬಾಗಿದ್ದು ಶೇ 75ರಷ್ಟಾದರೂ ಹಿಂದಿರುಗಿದೆಯೇ ಎಂದು ನೋಡಬೇಕು. ನಮ್ಮಲ್ಲಿ ಇದರ ಬದಲು ಸುತ್ತಿಗೆ ಪರೀಕ್ಷೆ, ಅಂದರೆ ರಿಬೌಂಡ್ ಹ್ಯಾಮರ್ ತಂದು ನಾಲ್ಕು ಕಡೆ ಒತ್ತಿ 'ಪಾಸ್' ಬರೆಯುವ ಅಭ್ಯಾಸ ಬೇರೂರಿದೆ. ಅದರ ಅಂದಾಜು ಶೇ 25ರಷ್ಟು ಮೇಲೆ ಕೆಳಗೆ ಆಗಬಹುದೆಂದು ಅದರ ಮಾನಕವೇ ಹೇಳಿದೆ. ಒಂದು ಗೋಡೆಯ ಯಾವ ಭಾಗ ದುರ್ಬಲ ಎಂದು ಹುಡುಕಲು ಅದು ಚೆನ್ನಾಗಿದೆ, ಬಿಲ್ ಪಾಸು ಮಾಡಲು ಅಲ್ಲ. ಪರೀಕ್ಷೆ ಮಾಡಿಸಲು ದೂರ ಹೋಗಬೇಕೆಂಬ ನೆಪವೂ ನಮ್ಮ ಕಡೆ ನಡೆಯದು. ಕೃಷ್ಣರಾಜಸಾಗರದಲ್ಲೇ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವಿದೆ, ಮಂಡ್ಯ, ಮೈಸೂರು ಎರಡೂ ಕಡೆ ಹಳೆಯ ಎಂಜಿನಿಯರಿಂಗ್ ಕಾಲೇಜುಗಳಿವೆ.

ಕ್ಯೂಬಿಗೆ ಕಾಣದ ಸಂಗತಿಗಳು ಇನ್ನೂ ಇವೆ, ಪ್ರಾಣಕ್ಕೆ ಕುತ್ತು ತರುವುದು ಹೆಚ್ಚಾಗಿ ಅವೇ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತ ಮೇಲೆ ನಾಲಾ ಏರಿಗಳಿಗೆ ತಡೆಗೋಡೆ ಬೇಕೆಂಬ ಕೂಗು ಎದ್ದಿತು. ಅಂಥ ಗೋಡೆಯ ಜೀವ ಇರುವುದು ಅದರ ಬುಡದಲ್ಲಿ. ತಳಪಾಯದ ಕಾಂಕ್ರೀಟಿನಿಂದ ಮೇಲೆದ್ದ ಕಂಬಿಗಳು ಗೋಡೆಯ ಕಂಬಿಗಳೊಂದಿಗೆ ಸಾಕಷ್ಟು ಉದ್ದ ಜೋಡಿಯಾಗಿರಬೇಕು. ಎಂ20 ಕಾಂಕ್ರೀಟಿನಲ್ಲಿ ಎಳೆತಕ್ಕೆ ಸಿಕ್ಕುವ 12 ಎಂಎಂ, 500 ದರ್ಜೆಯ ಕಂಬಿಗೆ ಆ ಜೋಡಣೆ ಸುಮಾರು 680 ಎಂಎಂ, ಅಂದರೆ ವ್ಯಾಸದ 57 ಪಟ್ಟು. ಸೈಟಿನಲ್ಲಿ ರೂಢಿಯಲ್ಲಿರುವ 'ಐವತ್ತು ಪಟ್ಟು' ಲೆಕ್ಕಕ್ಕೆ 600 ಎಂಎಂ ಮಾತ್ರ ಬರುತ್ತದೆ. ಎಂ25 ಕಾಂಕ್ರೀಟ್ ಆದರೆ ಆ ಲೆಕ್ಕ ಸಾಕಾಗುತ್ತದೆ, ಎಂ20ಕ್ಕೆ ಆಗದು. ತಳಪಾಯದ ಒಣ ಮೇಲ್ಮೈಯನ್ನು ಒರಟು ಮಾಡದೆ, ತೊಳೆಯದೆ ಅದರ ಮೇಲೆಯೇ ಗೋಡೆ ಎತ್ತಿದರೆ ಕಾಂಕ್ರೀಟಿನ ಕ್ಯೂಬ್ 30 ಬಂದರೂ ಗೋಡೆ ತಳ್ಳಿದ ಕಡೆ ಬುಡ ಬಿಟ್ಟುಕೊಳ್ಳುತ್ತದೆ. ಕವರ್, ಅಂದರೆ ಕಂಬಿಯ ಹೊರಗೆ ಇರಬೇಕಾದ ಕಾಂಕ್ರೀಟ್ ಪದರ ಕೂಡ ಹಾಗೆಯೇ. ತಾರಸಿಗೆ 20, ತೊಲೆಗೆ 25, ಪಿಲ್ಲರಿಗೆ 40, ಪಾಯಕ್ಕೆ 50 ಎಂಎಂ ಕವರ್ ಬಿಡಬೇಕಾದ ಜಾಗದಲ್ಲಿ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಡುತ್ತಾರೆ. ಜನ ಓಡಾಡಿದಾಗ ಅದು ಜಾರಿ ಕಂಬಿ ಹಲಗೆಗೆ ಅಂಟುತ್ತದೆ.

ಇವೆಲ್ಲ ಮುಚ್ಚಿಹೋಗುವ ಕೆಲಸಗಳು. ಅದಕ್ಕೇ ಗುತ್ತಿಗೆ ಷರತ್ತುಗಳಲ್ಲಿ ಮುಚ್ಚುವ ಮುನ್ನ ಎಂಜಿನಿಯರಿಗೆ ತಿಳಿಸಬೇಕು, ತಿಳಿಸದೆ ಮುಚ್ಚಿದ್ದರೆ ಗುತ್ತಿಗೆದಾರನ ಖರ್ಚಿನಲ್ಲೇ ಬಿಚ್ಚಿಸಬಹುದು ಎಂದು ಬರೆದಿರುತ್ತದೆ. ಅನುಮಾನ ಬಂದರೆ ಟೆಂಡರಿನಲ್ಲಿಲ್ಲದ ಪರೀಕ್ಷೆಯನ್ನೂ ಮಾಡಿಸಬಹುದು. ದೋಷ ಸಿಕ್ಕರೆ ಖರ್ಚು ಗುತ್ತಿಗೆದಾರನದು, ಸಿಗದಿದ್ದರೆ ಇಲಾಖೆಯದು. ಈ ಕೊನೆಯ ಮಾತೇ ಕಿರಿಯ ಎಂಜಿನಿಯರ ಕೈಕಟ್ಟುತ್ತದೆ. ಬಿಚ್ಚಿಸಿ ಏನೂ ಸಿಗದಿದ್ದರೆ ಆಡಿಟ್ ಆಕ್ಷೇಪಕ್ಕೆ ಉತ್ತರ ಕೊಡಬೇಕಾದವರು ಅವರು. ಸುಮ್ಮನಿದ್ದು ಮುಂದೆ ಗೋಡೆ ಬಿದ್ದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪದಲ್ಲಿ, ಪೊಲೀಸರು ಮೊದಲು ಕೇಳುವುದೂ 'ಅಳತೆ ಪುಸ್ತಕಕ್ಕೆ ಸಹಿ ಯಾರದು' ಎಂದು. ಎರಡೂ ಕಡೆ ಹೆದರಿಕೆ ಇರುವಾಗ ಮನುಷ್ಯ ಫೈಲನ್ನು ಚೊಕ್ಕ ಮಾಡಿಕೊಳ್ಳುತ್ತಾನೆ. ಕಾಂಕ್ರೀಟ್ ಹಾಗೆಯೇ ಉಳಿಯುತ್ತದೆ.

ದುಡ್ಡು ಬರುವ ಕಾಲ ಬದಲಾದರೆ ನಡತೆಯೂ ಬದಲಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿ ಕಟ್ಟಿದ್ದು ಹೈಬ್ರಿಡ್ ಆನ್ಯುಟಿ ಮಾದರಿಯಲ್ಲಿ. ಕಟ್ಟುವ ಕಾಲದಲ್ಲಿ ಯೋಜನಾ ವೆಚ್ಚದ ಶೇ 40 ಸಿಕ್ಕರೆ ಉಳಿದದ್ದು ಮುಂದಿನ ವರ್ಷಗಳಲ್ಲಿ ಕಂತು ಕಂತಾಗಿ, ಅಷ್ಟೂ ಕಾಲ ನಿರ್ವಹಣೆಯೂ ಕಟ್ಟಿದವರದೇ. ಆ ರಸ್ತೆಗೆ ದೋಷವೇ ಇಲ್ಲವೆನ್ನುತ್ತಿಲ್ಲ, 2022ರ ಮಳೆಯಲ್ಲಿ ರಾಮನಗರದ ಬಳಿ ಅದರ ಮೇಲೆ ನೀರು ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ಆದರೆ ತಾನೇ ರಿಪೇರಿ ಮಾಡಬೇಕಾದ ರಸ್ತೆಯ ಪದರವನ್ನು ಕಟ್ಟುವವನೇ ನಿಂತು ಅಳೆಯುತ್ತಾನೆ. ಕೇರಿ ಚರಂಡಿಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ. ಬಿಲ್ಲಿನಲ್ಲಿ ಒಂದಿಷ್ಟು ಹಣವನ್ನು 28 ದಿನದ ವರದಿ ಬರುವ ತನಕ ತಡೆಹಿಡಿದರೆ ಸಾಕು. ಭಾಗಶಃ ದರ ಕೊಟ್ಟು ಉಳಿದದ್ದನ್ನು ಆಮೇಲೆ ಕೊಡುವುದು ಇಲಾಖೆಗಳಿಗೆ ಹೊಸದಲ್ಲ.

ಇನ್ನು ಸ್ವಂತ ಮನೆ ಕಟ್ಟಿಸುವವರು. ಇಲ್ಲಿ ಚದರಕ್ಕೆ ಇಷ್ಟು ಎಂದು ಮಾತಾಗಿ, ಸ್ಟ್ಯಾಂಪ್ ಪೇಪರಿನಲ್ಲಿ ಟೈಲ್ಸಿನ ಬ್ರಾಂಡು, ನಲ್ಲಿಯ ಬ್ರಾಂಡು, ಬಾಗಿಲಿಗೆ ಯಾವ ಮರ ಎಲ್ಲವೂ ಬರೆದಿರುತ್ತದೆ. ಕಾಂಕ್ರೀಟಿನ ದರ್ಜೆ ಇರುವುದಿಲ್ಲ. ಕರಾರಿನಲ್ಲಿ ಇಲ್ಲದ್ದು ತಪ್ಪಿತು ಎಂದು ಯಾವ ಗ್ರಾಹಕ ಆಯೋಗದ ಮುಂದೆ ವಾದಿಸುವುದು? 30×40 ನಿವೇಶನದ ತಾರಸಿ ತೊಲೆ ಸೇರಿ ಸುಮಾರು 12ರಿಂದ 15 ಘನ ಮೀಟರ್ ಹಿಡಿಯುತ್ತದೆ, ಎರಡು ಮಾದರಿ, ಆರು ಕ್ಯೂಬ್ ಸಾಕು. ಕರಾರಿನಲ್ಲಿ ಐಎಸ್ 456ರಂತೆ ಎಂ20 ಅಥವಾ ಎಂ25, 500ಡಿ ಕಂಬಿ, ಕವರ್, ಆರು ಕ್ಯೂಬ್, ಪರೀಕ್ಷೆಯ ಖರ್ಚು ಯಾರದು, ಕ್ಯೂರಿಂಗ್ ದಿನ, ಸೆಂಟ್ರಿಂಗ್ ಬಿಚ್ಚುವ ದಿನ ಇಷ್ಟು ಬರೆಸಿ. ನಾಲ್ಕೂವರೆ ಮೀಟರ್‌ವರೆಗಿನ ತಾರಸಿಯ ಊರುಗೋಲನ್ನು 7 ದಿನಕ್ಕೆ ತೆಗೆಯಬಹುದೆಂದು ಮಾನಕ ಹೇಳುವುದು ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ. ಮನೆಗಳಿಗೆ ಹೆಚ್ಚಾಗಿ ಬರುವ ಪಿಪಿಸಿಗೆ 14 ದಿನ ಬಿಡುವುದು ಕ್ಷೇಮ. ತಾರಸಿ ಹಾಕಿದ ಸಂಜೆಯೇ ಪೂರ್ತಿ ಕಂತು ಕೊಡುವ ಪದ್ಧತಿ ಬಿಟ್ಟು ಅದರ ಹತ್ತನೇ ಒಂದು ಪಾಲನ್ನು ವರದಿಯ ತನಕ ಇಟ್ಟುಕೊಳ್ಳಿ. ಒಳ್ಳೆ ಮೇಸ್ತ್ರಿ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಮನೆ ಕಟ್ಟಿಕೊಡುವುದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ಸೇವೆ. ದೋಷಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು. ಮೊಬೈಲ್ ಫೋಟೊಗಳನ್ನು ಸಾಕ್ಷ್ಯವಾಗಿ ಕೊಡಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಆದ್ದರಿಂದ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಪ್ರತಿಯನ್ನು ನಂಬಿಕೊಂಡು ಮೂಲ ಫೋಟೊ ಅಳಿಸಬೇಡಿ. ಫ್ಲ್ಯಾಟ್ ಕೊಂಡವರಿಗೆ ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ 14ನೇ ಕಲಮಿನ ರಕ್ಷಣೆ ಇದೆ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ರಚನೆಯ ಅಥವಾ ಕೆಲಸಗಾರಿಕೆಯ ದೋಷ ತಿಳಿಸಿದರೆ 30 ದಿನದೊಳಗೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಒಸಿ (ಸ್ವಾಧೀನಾನುಭವ ಪ್ರಮಾಣಪತ್ರ) ಇದೆಯಲ್ಲ ಎಂದು ನಿಶ್ಚಿಂತರಾಗುವವರಿಗೆ ಒಂದು ಮಾತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು ಕೊಡಬಾರದೆಂದ ಮೇಲೆ ಆ ಕಾಗದಕ್ಕೆ ಬೆಲೆ ಬಂದಿದೆ. ಆದರೆ ಒಸಿಗಾಗಿ ಬಂದವರು ಟೇಪು ಹಿಡಿಯುವುದು ಸೆಟ್‌ಬ್ಯಾಕಿಗೆ, ಮಹಡಿಗೆ, ಎತ್ತರಕ್ಕೆ. ಪಿಲ್ಲರಿನೊಳಗೆ ಎಷ್ಟು ರಿಂಗು ಇದೆ ಎಂದು ಅವರಿಗೆ ಕಾಣುವುದಿಲ್ಲ.

ಸರ್ಕಾರಿ ಕಾಮಗಾರಿಯ ವಿಷಯದಲ್ಲಿ ನಾಗರಿಕರ ಕೈಯಲ್ಲಿ ಇರುವ, ಆದರೆ ಹೆಚ್ಚಿನವರು ಮುಟ್ಟದ ಒಂದು ಹಕ್ಕಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯನ್ನು ನಾವು ಬಳಸುವುದು ಬರೀ ಪ್ರತಿ ಕೇಳಲು. ಅದರ 2(ಜೆ) ಕಲಮು ಕಾಮಗಾರಿಯನ್ನು ಖುದ್ದು ಪರಿಶೀಲಿಸುವ ಹಾಗೂ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. 10 ರೂಪಾಯಿ ಶುಲ್ಕ, ಕನ್ನಡದಲ್ಲೇ ಅರ್ಜಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರದಂತೆ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ. 'ಕಾಮಗಾರಿಯ ಸಂಪೂರ್ಣ ದಾಖಲೆ ಕೊಡಿ' ಎಂದು ಬರೆದರೆ ಸಾವಿರ ಪುಟದ ಶುಲ್ಕ ಕಟ್ಟಿ ಎಂದು ಪತ್ರ ಬರುತ್ತದೆ. ಕೇಳಬೇಕಾದದ್ದು ನಾಲ್ಕೇ: ಕಾಂಕ್ರೀಟ್ ಹಾಕಿದ ದಿನಾಂಕಗಳಿರುವ ಅಳತೆ ಪುಸ್ತಕದ ಪುಟಗಳು, ಕ್ಯೂಬ್ ಪರೀಕ್ಷಾ ವರದಿ, ಕ್ಯೂಬುಗಳನ್ನು ಪ್ರಯೋಗಾಲಯಕ್ಕೆ ಕಳಿಸಿದ ಪತ್ರ, ದೋಷ ಹೊಣೆಗಾರಿಕೆ ಅವಧಿ (ದೋಷ ಕಂಡರೆ ಗುತ್ತಿಗೆದಾರನೇ ಸರಿಪಡಿಸಬೇಕಾದ ಕಾಲ) ಮುಗಿಯುವ ದಿನಾಂಕ. ಕಳಿಸಿದ ಪತ್ರವನ್ನು ಮರೆಯದೆ ಕೇಳಿ. ವರದಿ ಸೃಷ್ಟಿಸುವವರು ಅನೇಕ ಸಲ ಅದನ್ನು ಸೃಷ್ಟಿಸಲು ಮರೆತಿರುತ್ತಾರೆ.

ಜಿಲ್ಲಾಡಳಿತಕ್ಕೂ ನಗರ ಸಂಸ್ಥೆಗಳಿಗೂ ನನ್ನ ಕೋರಿಕೆ ದೊಡ್ಡದಲ್ಲ, ಹೊಸ ಕಾಯ್ದೆಯೂ ಬೇಕಿಲ್ಲ. ಕ್ಯೂಬ್ ತುಂಬಿದ ದಿನವೇ ಹಸಿ ಕಾಂಕ್ರೀಟಿನ ಮೇಲೆ ಕಾಮಗಾರಿಯ ಸಂಖ್ಯೆ, ದಿನಾಂಕ ಗೀರಿ, ಎಂಜಿನಿಯರ್ ಸಹಿಯ ಚೀಟಿಯೊಂದಿಗೆ ಫೋಟೊ ತೆಗೆದು ಅಳತೆ ಪುಸ್ತಕದ ಆ ಪುಟದಲ್ಲಿ ಕ್ಯೂಬಿನ ಸಂಖ್ಯೆ ನಮೂದಿಸಲಿ. ವರದಿ ಗುತ್ತಿಗೆದಾರನ ಕೈಗೆ ಬಾರದೆ ಪ್ರಯೋಗಾಲಯದಿಂದ ನೇರ ಕಚೇರಿಗೆ ಬರಲಿ, ಬಂದದ್ದು ಕಚೇರಿಯ ಜಾಲತಾಣದಲ್ಲಿ ಕಾಮಗಾರಿಯ ಹೆಸರಿನ ಮುಂದೆ ಇರಲಿ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಹೇಗೂ ಸ್ವಯಂಪ್ರೇರಿತ ಪ್ರಕಟಣೆಯನ್ನೇ ಬಯಸುತ್ತದೆ. ಮಾರ್ಚ್ 3ರ ನಂತರ ಕಾಂಕ್ರೀಟ್ ಬಿದ್ದ ಕಾಮಗಾರಿಗಳಿಗೆ ಆ ವರ್ಷ ಭಾಗಶಃ ದರ ಮಾತ್ರ ಎಂದು ಒಂದು ಸುತ್ತೋಲೆ ಹೊರಡಲಿ. ಕಾಮಗಾರಿ ಫಲಕದಲ್ಲಿ ಶಾಸಕರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ ಬರೆಸಲಿ. ಆ ದಿನಕ್ಕೆ ಒಂದು ತಿಂಗಳು ಮೊದಲು ವಾರ್ಡಿನವರ ಎದುರು ಒಮ್ಮೆ ತಪಾಸಣೆ ಮಾಡಿ, ಆಮೇಲೆ ಭದ್ರತಾ ಠೇವಣಿ ಬಿಡುಗಡೆಯಾಗಲಿ.

— ಒಬ್ಬ ಸಿವಿಲ್ ಎಂಜಿನಿಯರ್, ಮಂಡ್ಯ